ಟಿಕೆಟ್ ತಗೊಂಡಿದ್ದು ಗಾಡ್ಜಿಲ್ಲಾಗೆ

ಹೊನೊಲುಲು ವಿಮಾನ ನಿಲ್ದಾಣ. ರಾತ್ರಿ, ಊರಿಗೆ ಊರೇ ಕರೆಂಟಿಲ್ಲದೆ ಕತ್ತಲು. ರೆಕ್ಕೆಯುಳ್ಳ ವಿಚಿತ್ರ ಜೀವಿಯೊಂದು ರನ್‌ವೇ ಮೇಲೆ ನುಗ್ಗಿದೆ, ನಿಂತಿದ್ದ ವಿಮಾನಗಳು ಒಂದಕ್ಕೊಂದು ಬೆಂಕಿ ದಾಟಿಸುತ್ತ ಸಾಲಾಗಿ ಸಿಡಿಯುತ್ತಿವೆ. ಟರ್ಮಿನಲ್ಲಿನ ಗಾಜಿನ ಹಿಂದೆ ಜನ ಕಿರುಚುತ್ತಿರುವಾಗ ಆಚೆ ಧಡ್ಡನೆ ಒಂದು ಪಾದ ಬಂದು ಊರುತ್ತದೆ. ಬರೀ ಪಾದ. ಕ್ಯಾಮೆರಾ ಅವಸರವಿಲ್ಲದೆ ಮೇಲಕ್ಕೇರುತ್ತದೆ: ಕಾಲು, ಹೊಟ್ಟೆ, ಎದೆ, ಕತ್ತು, ಕೊನೆಗೆ ಮುಖ. ಹೆಚ್ಚುಕಡಿಮೆ ಒಂದು ಗಂಟೆ ಕಾದ ಪ್ರೇಕ್ಷಕನ ಎದುರು ಗಾಡ್ಜಿಲ್ಲಾ ಎದೆ ತುಂಬ ಉಸಿರೆಳೆದು ಘರ್ಜಿಸುತ್ತದೆ. ಇನ್ನೇನು ಎರಡೂ ಕೈಕೈ ಮಿಲಾಯಿಸಬೇಕು, ಅಷ್ಟರಲ್ಲಿ ದೃಶ್ಯ ಬದಲು. ಸ್ಯಾನ್ ಫ್ರಾನ್ಸಿಸ್ಕೊದ ಒಂದು ಮನೆ, ಟಿವಿ ಮುಂದೆ ಕೂತ ಪುಟ್ಟ ಹುಡುಗ, ಟಿವಿಯ ವಾರ್ತೆಯಲ್ಲಿ ಆ ಹೊಡೆದಾಟದ ಚೂರುಪಾರು.

ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದ 2014ರ ‘ಗಾಡ್ಜಿಲ್ಲಾ’ ನೋಡಿದವರು ಎರಡು ಪಂಗಡವಾಗಿದ್ದು ಈ ಒಂದು ಕಟ್‌ನಲ್ಲಿ. ಒಂದು ಪಂಗಡಕ್ಕೆ ಇದು ನಿರ್ದೇಶಕನ ಎದೆಗಾರಿಕೆ. ಹದಿನಾರು ಕೋಟಿ ಡಾಲರ್ ಸುರಿದ ಚಿತ್ರದಲ್ಲಿ ಹೀಗೆ ತಡೆದು ನಿಲ್ಲಿಸುವುದಕ್ಕೆ ಗುಂಡಿಗೆ ಬೇಕು. ಇನ್ನೊಂದು ಪಂಗಡಕ್ಕೆ ಇದು ಶುದ್ಧ ಮೋಸ. ‘ನಾನು ಟಿಕೆಟ್ ತಗೊಂಡಿದ್ದು ಗಾಡ್ಜಿಲ್ಲಾಗೆ, ಆ ಮಗುವಿನ ಟಿವಿ ನೋಡೋದಕ್ಕಲ್ಲ’ ಎನ್ನುವುದು ಅವರ ತಕರಾರು. ನಾನು ಎರಡೂ ಪಂಗಡಗಳ ಮಾತು ಕೇಳಿದ್ದೇನೆ, ಎರಡಕ್ಕೂ ತಲೆಯಾಡಿಸಿದ್ದೇನೆ. ಆದರೆ ಹತ್ತು ವರ್ಷಗಳ ಮೇಲೆ, ಇದೇ ಕುಟುಂಬದ ಅರ್ಧ ಡಜನ್ ಚಿತ್ರಗಳು ಬಂದುಹೋದ ಮೇಲೆ, ತಕರಾರು ಮಾಡಿದವರಿಗೆ ತಮ್ಮ ನೋವು ಎಲ್ಲಿದೆ ಎಂದು ಸರಿಯಾಗಿ ಹೇಳಲು ಬಂದಿರಲಿಲ್ಲ ಅನಿಸುತ್ತದೆ. ಅವರು ಬೆರಳು ತೋರಿಸಿದ್ದು ಗಾಡ್ಜಿಲ್ಲಾ ಕಡೆಗೆ. ಗಾಯ ಇದ್ದದ್ದು ಬೇರೆ ಕಡೆ.

ಮೊದಲು ಲೆಕ್ಕಾಚಾರ ಮುಗಿಸೋಣ. ಚಿತ್ರದ ಅವಧಿ ಎರಡು ಗಂಟೆಗೆ ಮೂರು ನಿಮಿಷ ಜಾಸ್ತಿ. ಅದರಲ್ಲಿ ಗಾಡ್ಜಿಲ್ಲಾ ಕಾಣಿಸುವುದು ಎಂಟೇ ನಿಮಿಷ ಎಂದು ಕೆಲವರು ಸ್ಟಾಪ್‌ವಾಚ್ ಹಿಡಿದು ಎಣಿಸಿದರು. ಬಾಲದ ತುದಿ, ನೀರಿನ ಮೇಲೆ ತೇಲುವ ಬೆನ್ನಿನ ಮುಳ್ಳು ಎಲ್ಲ ಸೇರಿಸಿದರೆ ಇನ್ನೂ ಒಂದೆರಡು ನಿಮಿಷ ಸಿಗುತ್ತದೆ. ಚಿತ್ರ ಸೋತಿತೇ? ಇಲ್ಲ. ಜಗತ್ತಿನಾದ್ಯಂತ ಐವತ್ತೆರಡು ಕೋಟಿ ಡಾಲರ್ ಆಸುಪಾಸು ಗಳಿಸಿತು. ಆದರೆ ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೆ 9.3 ಕೋಟಿ ಡಾಲರ್ ಬಾಚಿದ ಚಿತ್ರ ಎರಡನೇ ವಾರಾಂತ್ಯಕ್ಕೆ ಮೂರು ಕೋಟಿ ಚಿಲ್ಲರೆಗೆ ಇಳಿಯಿತು. ಆ ವಾರ ಎದುರಿಗೆ ‘ಎಕ್ಸ್-ಮೆನ್’ ಸರಣಿಯ ಹೊಸ ಚಿತ್ರ ಇತ್ತು, ನಿಜ. ಆದರೂ ಮೂರನೇ ಎರಡು ಭಾಗ ಕುಸಿಯಬೇಕಾದರೆ ಮೊದಲ ವಾರ ನೋಡಿಬಂದವರು ಪಕ್ಕದ ಮನೆಯವರಿಗೆ ‘ಹೋಗಿ ನೋಡಿ’ ಎಂದು ಒತ್ತಾಯಿಸಲಿಲ್ಲ ಎಂದೇ ಅರ್ಥ. ಬಿಡುಗಡೆಯ ದಿನ ಥಿಯೇಟರಿನಿಂದ ಹೊರಬರುವವರ ಕೈಗೆ ಚೀಟಿ ಕೊಟ್ಟು ದರ್ಜೆ ಕೇಳುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಅಲ್ಲಿದೆ. ಅವರ ಚೀಟಿಗಳಲ್ಲಿ ಗಾಡ್ಜಿಲ್ಲಾಗೆ ಬಂದದ್ದು ಬಿ ಪ್ಲಸ್. ಶಾಲೆಯಲ್ಲಾದರೆ ಅಪ್ಪ ಅಮ್ಮ ಖುಷಿಪಡುವ ದರ್ಜೆ, ಹಾಲಿವುಡ್‌ನಲ್ಲಿ ಸ್ಟುಡಿಯೊದವರ ಮುಖ ಸಣ್ಣದಾಗುವ ದರ್ಜೆ.

ಅಂದಹಾಗೆ ಅಮೆರಿಕದಲ್ಲಿ ಅದು ತೆರೆಕಂಡದ್ದು 2014ರ ಮೇ 16ರಂದು. ನಮ್ಮಲ್ಲಿ ಅವತ್ತು ಲೋಕಸಭಾ ಚುನಾವಣೆಯ ಮತ ಎಣಿಕೆ. ಇಡೀ ದೇಶ ಬೇರೊಂದು ದೊಡ್ಡ ಪರದೆಗೆ ಕಣ್ಣು ನೆಟ್ಟು ಕೂತಿತ್ತು.

ತಕರಾರುಗಳಲ್ಲಿ ಕೆಲವು ತಮಾಷೆಯವು. ಟ್ರೇಲರ್‌ನಲ್ಲಿ ಈ ಹೊಸ ಅವತಾರ ಕಂಡ ಜಪಾನಿನ ಅಭಿಮಾನಿಗಳು ‘ಅಮೆರಿಕಕ್ಕೆ ಹೋಗಿ ಬರ್ಗರ್ ತಿಂದು ಊದಿಕೊಂಡಿದ್ದಾನೆ’ ಎಂಬ ಧಾಟಿಯಲ್ಲಿ ಕಾಲೆಳೆದರು. 1954ರಲ್ಲಿ ಐವತ್ತು ಮೀಟರ್ ಎತ್ತರವಿದ್ದ ಪ್ರಾಣಿ ಇಲ್ಲಿ ನೂರೆಂಟು ಮೀಟರ್. ಕತ್ತೆನ್ನುವುದು ಇದ್ದೂ ಇಲ್ಲದಂತೆ, ಭುಜ ಪೈಲ್ವಾನನದು. ನನಗೆ ಆ ಮೈಕಟ್ಟು ಇಷ್ಟವಾಯಿತು. ವಯಸ್ಸಾದ, ಎದ್ದು ಬರಲು ಮನಸ್ಸಿಲ್ಲದ, ಆದರೂ ಕರ್ತವ್ಯವೆಂದು ಎದ್ದು ಬಂದ ಜೀವಿಯ ನಡೆ ಅದರಲ್ಲಿತ್ತು. ಎಲ್ಲ ಕತ್ತಲು, ಹೊಗೆ, ಧೂಳು, ಏನೂ ಕಾಣುವುದಿಲ್ಲ ಎಂಬ ಇನ್ನೊಂದು ದೂರು ಮಾತ್ರ ತಮಾಷೆಯದಲ್ಲ. ಒಳ್ಳೆಯ ಥಿಯೇಟರಿನಲ್ಲಿ ನೋಡಿದವರಿಗೆ ಕತ್ತಲೆಯೊಳಗೊಂದು ಆಕಾರ ಸಿಕ್ಕಿತು. ಪ್ರೊಜೆಕ್ಟರಿನ ಬಲ್ಬಿಗೆ ವಯಸ್ಸಾದ ಕಡೆ ನೋಡಿದವರಿಗೆ ಬರೀ ಕತ್ತಲೆ ಸಿಕ್ಕಿತು. ಅಭಿಪ್ರಾಯಭೇದ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಬಲ್ಬಿನದು ಎಂದು ವಿಮರ್ಶಕರು ಬರೆಯುವುದೇ ಇಲ್ಲ.

ಹೊಗಳಿದವರು ಹೊಗಳಿದ್ದು ಏನನ್ನು? ಬಹುಪಾಲು ಎಲ್ಲರೂ ನೆನೆಯುವುದು ಸೈನಿಕರು ವಿಮಾನದಿಂದ ಧುಮುಕುವ ದೃಶ್ಯ. ಕೆಂಪು ಹೊಗೆಯ ಎಳೆಗಳನ್ನು ಹಿಂದೆ ಬಿಡುತ್ತ ಹಾಳುಬಿದ್ದ ನಗರದ ಮೇಲೆ ಮೋಡದೊಳಗಿಂದ ಬೀಳುವ ಮನುಷ್ಯರು, ಹಿನ್ನೆಲೆಯಲ್ಲಿ ಹಂಗೇರಿಯ ಸಂಗೀತಗಾರ ಲಿಗೆಟಿಯ ‘ರೆಕ್ವಿಯಂ’. ಮುಖವಾಡದ ಗಾಜಿನಿಂದ ಸೈನಿಕ ನೋಡುತ್ತಾನೆ, ಪಕ್ಕದಲ್ಲೇ ಕಟ್ಟಡಗಳ ನಡುವೆ ಎರಡು ಪರ್ವತಗಳು ಗುದ್ದಾಡುತ್ತಿವೆ, ಆ ಸಂಗೀತ, ಉಸಿರಾಟದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇಡೀ ಚಿತ್ರದಲ್ಲಿ ಕ್ಯಾಮೆರಾ ಹೆಚ್ಚಾಗಿ ಮನುಷ್ಯನ ಕಣ್ಣಿನ ಮಟ್ಟದಲ್ಲೇ ಇರುತ್ತದೆ: ಕಾರಿನ ಕಿಟಕಿ, ಬಸ್ಸಿನ ಗಾಜು, ಬಾಗಿಲ ಸಂದಿ. ದೈತ್ಯನನ್ನು ದೈತ್ಯನ ಎತ್ತರದಲ್ಲಿ ನಿಂತು ತೋರಿಸಿದರೆ ಅವನು ದೊಡ್ಡವನಾಗಿ ಕಾಣುವುದಿಲ್ಲ, ಇಬ್ಬರು ರಬ್ಬರ್ ಬೊಂಬೆಗಳ ಕುಸ್ತಿಯಾಗುತ್ತದೆ. ಇದು ಎಡ್ವರ್ಡ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಇದಕ್ಕೆ ಮುಂಚೆ ಅವರು ಮಾಡಿದ್ದ ‘ಮಾನ್‌ಸ್ಟರ್ಸ್’ (2010) ಅತಿ ಸಣ್ಣ ಬಂಡವಾಳದ ಚಿತ್ರ, ಅದರ ಗ್ರಾಫಿಕ್ಸ್ ಕೆಲಸವನ್ನು ಅವರೇ ಕೂತು ಮಾಡಿದ್ದರು. ದೈತ್ಯನನ್ನು ತೋರಿಸಲು ಕಾಸಿಲ್ಲದವನು ತೋರಿಸದೇ ಹೆದರಿಸುವುದನ್ನು ಕಲಿಯುತ್ತಾನೆ. ಕಾಸು ಬಂದ ಮೇಲೂ ಆ ವಿದ್ಯೆ ಬಿಡಲಿಲ್ಲ.

ಸದ್ದಿನ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯ ಇರಲಿಲ್ಲ. 1954ರಲ್ಲಿ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ತಂತಿ ಉಜ್ಜಿ ಆ ಘರ್ಜನೆ ಹುಟ್ಟಿಸಿದ್ದರು. 2014ರಲ್ಲಿ ಎರಿಕ್ ಆಡಾಲ್, ಈಥನ್ ವ್ಯಾನ್ ಡೆರ್ ರಿನ್ ಜೋಡಿ ಅದಕ್ಕೆ ಹೊಸ ರೂಪ ಕೊಟ್ಟು, ರೋಲಿಂಗ್ ಸ್ಟೋನ್ಸ್ ತಂಡ ಸಂಗೀತ ಪ್ರವಾಸಕ್ಕೆ ಬಳಸುತ್ತಿದ್ದಂಥ ಭಾರಿ ಸ್ಪೀಕರುಗಳಲ್ಲಿ ಬಯಲಿನಲ್ಲಿ ಅದನ್ನು ನುಡಿಸಿ, ಕಟ್ಟಡಗಳ ನಡುವೆ ಅದು ಹೇಗೆ ಮಾರ್ದನಿಸುತ್ತದೆಂದು ರೆಕಾರ್ಡ್ ಮಾಡಿಕೊಂಡಿತು. ಇಂಗ್ಲಿಷ್ ಗೊತ್ತಿಲ್ಲದವರಿಗೂ ಆ ಸಂಭಾಷಣೆ ಪೂರ್ತಿ ಅರ್ಥವಾಯಿತು.

ಇನ್ನು ನಿಜವಾದ ಗಾಯಕ್ಕೆ ಬರೋಣ. ಅದರ ಹೆಸರು ಜೋ ಬ್ರೋಡಿ.

ಟಿವಿ ಧಾರಾವಾಹಿ ‘ಬ್ರೇಕಿಂಗ್ ಬ್ಯಾಡ್’ 2013ರ ಸೆಪ್ಟೆಂಬರಿನಲ್ಲಿ ಮುಗಿದಿತ್ತು. ಅದರ ನಾಯಕ ಬ್ರಯನ್ ಕ್ರ್ಯಾನ್‌ಸ್ಟನ್ ಆಗ ಖ್ಯಾತಿಯ ತುತ್ತತುದಿಯಲ್ಲಿದ್ದರು. ಗಾಡ್ಜಿಲ್ಲಾ ಟ್ರೇಲರುಗಳ ತುಂಬ ಅವರದೇ ದನಿ, ಅವರದೇ ಕಣ್ಣೀರು. ಚಿತ್ರದ ಶುರುವಿನಲ್ಲಿ ಅವರು ಜಪಾನಿನ ಅಣುಸ್ಥಾವರವೊಂದರ ಎಂಜಿನಿಯರ್. ಅಪಘಾತವಾಗಿ ವಿಕಿರಣ ಹೊರಗೆ ಬರುವುದನ್ನು ತಡೆಯಲು, ಹೆಂಡತಿ ಇನ್ನೂ ಒಳಗಿರುವಾಗಲೇ ಉಕ್ಕಿನ ಬಾಗಿಲು ಮುಚ್ಚಬೇಕಾಗುತ್ತದೆ. ಗಾಜಿನ ಆಚೆ ಜೂಲಿಯೆಟ್ ಬಿನೋಶ್, ಈಚೆ ಕ್ರ್ಯಾನ್‌ಸ್ಟನ್. ಹತ್ತು ನಿಮಿಷದೊಳಗೆ ದೈತ್ಯ ಸಿನಿಮಾ ನೋಡಲು ಬಂದವರ ಗಂಟಲು ಕಟ್ಟುತ್ತದೆ. ಹದಿನೈದು ವರ್ಷ ಕಳೆದರೂ ಈ ಮನುಷ್ಯ ಆ ದಿನ ಏನಾಯಿತೆಂದು ಹುಡುಕುತ್ತಲೇ ಇದ್ದಾನೆ. ಊರಿನವರಿಗೆ, ಸ್ವಂತ ಮಗನಿಗೆ ಅವನೊಬ್ಬ ಹುಚ್ಚ. ಅವನ ಅನುಮಾನ ನಿಜವೆಂದು ಸಾಬೀತಾಗುವ ಹೊತ್ತಿಗೆ, ಮೂರನೇ ಒಂದು ಭಾಗ ಸಿನಿಮಾ ಕಳೆಯುವಷ್ಟರಲ್ಲಿ, ಅವನು ಸಾಯುತ್ತಾನೆ. ಅಲ್ಲಿಂದ ಮುಂದೆ ಕಥೆ ಮಗ ಫೋರ್ಡ್‌ನ ಹೆಗಲಿಗೆ. ಆರನ್ ಟೇಲರ್-ಜಾನ್ಸನ್ ಕೆಟ್ಟ ನಟನಲ್ಲ, ಆದರೆ ಬರೆದವರು ಆ ಪಾತ್ರಕ್ಕೆ ಕೊಟ್ಟದ್ದು ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸ, ಮನೆಯಲ್ಲಿ ಕಾಯುವ ಹೆಂಡತಿ ಮಗು, ಮತ್ತು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ದಾರಿ. ಅವನಿಗೆ ಬೇಕಾದದ್ದು ಮನೆ ಮುಟ್ಟುವುದು. ಮನೆ ಮುಟ್ಟಬೇಕೆಂಬವನನ್ನು ನಾವು ಹರಸಬಹುದು, ಅವನ ಜೊತೆ ಉಗುರು ಕಚ್ಚುತ್ತ ಕೂರಲಾಗುವುದಿಲ್ಲ.

ಬ್ರೋಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸ್ಪಿಲ್‌ಬರ್ಗ್ ಅವರ ‘ಜಾಸ್’ (1975) ಚಿತ್ರದ ಪೊಲೀಸ್ ಅಧಿಕಾರಿಯೂ ಬ್ರೋಡಿಯೇ. ಎಡ್ವರ್ಡ್ಸ್ ಗುರುವಿಗೆ ಬಹಿರಂಗವಾಗಿ ಕೈಮುಗಿದಿದ್ದರು. ಜಾಸ್‌ನಲ್ಲೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ಶಾರ್ಕ್ ಪೂರ್ತಿಯಾಗಿ ಕಾಣುವುದಿಲ್ಲ. ಸಮುದ್ರದ ನೀರಿಗೆ ಇಳಿಸಿದ ಯಾಂತ್ರಿಕ ಮೀನು ಪದೇ ಪದೇ ಕೆಟ್ಟು ನಿಂತದ್ದು ಅದಕ್ಕೆ ಅರ್ಧ ಕಾರಣ. ಆದರೆ ಆ ಮೀನು ಕಾಣದ ಹೊತ್ತಿನಲ್ಲಿ ಒಂದು ಸಣ್ಣ ದೋಣಿಯಲ್ಲಿ ಮೂವರು ಗಂಡಸರು ಕೂತು ಕುಡಿದು, ಜಗಳ ಆಡಿ, ಮೈಮೇಲಿನ ಗಾಯದ ಗುರುತು ತೋರಿಸಿ ಪೈಪೋಟಿ ಮಾಡುತ್ತಾರೆ. ಮೀನು ಬರದಿದ್ದರೂ ಆ ದೋಣಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ತಡೆದು ತೋರಿಸುವ ವಿದ್ಯೆಯ ಇನ್ನರ್ಧ ಇದು. ಎಡ್ವರ್ಡ್ಸ್ ಮೊದಲರ್ಧವನ್ನಷ್ಟೇ ಪೂರ್ತಿ ಕಲಿತರು.

ತಡವಾದ ಪ್ರವೇಶ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ‘ಶ್ರೀದೇವಿ ಮಹಾತ್ಮೆ’ ಬಯಲಾಟಕ್ಕೆ ಮಕ್ಕಳನ್ನು ಕರೆದೊಯ್ದವರಿಗೆ ‘ಮಹಿಷಾಸುರ ಬರುವಾಗ ಎಬ್ಬಿಸಿ’ ಎಂಬ ಕರಾರು ಗೊತ್ತು. ಚಾಪೆಯ ಮೇಲೆ ಮಲಗಿದ ಮಕ್ಕಳನ್ನು ಎಬ್ಬಿಸುವುದಕ್ಕೆ ಮುಂಚೆಯೇ ಚೆಂಡೆ ಎಬ್ಬಿಸಿರುತ್ತದೆ. ವೇಷ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಸಭೆಯ ಹಿಂದಿನಿಂದ ಬರುತ್ತದೆ. ದೊಂದಿಯ ಬೆಂಕಿ, ರಾಳದ ಪುಡಿ ಎರಚಿದಾಗ ಭುಗ್ಗೆನ್ನುವ ಜ್ವಾಲೆ, ಕೋಡು, ಆರ್ಭಟ. ಗಂಟೆಗಟ್ಟಲೆ ಕಾದದ್ದಕ್ಕೆ ಯಾರೂ ದೂರುವುದಿಲ್ಲ. ಆದರೆ ಗಮನಿಸಿ, ಮಹಿಷಾಸುರ ರಂಗಕ್ಕೆ ಏರಿದ ಮೇಲೆ ಮಾತಾಡುತ್ತಾನೆ. ತನ್ನ ಹುಟ್ಟು, ತಾಯಿಯ ಸಂಕಟ, ತನಗಾದ ಅನ್ಯಾಯ ಎಲ್ಲವನ್ನೂ ಅರ್ಥ ಹೇಳುತ್ತಾನೆ, ವಾದ ಹೂಡುತ್ತಾನೆ. ಅವನೇ ಪಾತ್ರ. ಗಾಡ್ಜಿಲ್ಲಾಗೆ ಅರ್ಥಗಾರಿಕೆ ಇಲ್ಲ. ಅದು ಯಾಕೆ ಬಂತು, ಅದಕ್ಕೇನು ಬೇಕು, ಅದನ್ನು ಕಂಡು ನಾವೇಕೆ ನಡುಗಬೇಕು ಎನ್ನುವುದನ್ನೆಲ್ಲ ಎದುರಿಗಿರುವ ಮನುಷ್ಯನ ಮುಖದಲ್ಲೇ ಓದಿಕೊಳ್ಳಬೇಕು. ಆ ಮುಖ ಖಾಲಿ ಇದ್ದರೆ ದೈತ್ಯನೂ ಖಾಲಿ.

1954ರ ಮೊದಲ ಚಿತ್ರ ಬಲ್ಲವರಿಗೆ ಇದು ಗೊತ್ತಿತ್ತು. ಆ ವರ್ಷದ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಇಪ್ಪತ್ಮೂರು ಜನರ ಮೇಲೆ ಬಿತ್ತು. ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ ಸತ್ತ. ನವೆಂಬರ್ 3ಕ್ಕೆ ಇಶಿರೊ ಹೊಂಡಾ ನಿರ್ದೇಶನದ ‘ಗೊಜಿರಾ’ ತೆರೆಗೆ ಬಂತು. ಬೆಳಕೊಂದು ಮಿಂಚಿ ಹಡಗೊಂದು ಉರಿದುಹೋಗುವುದೇ ಅದರ ಮೊದಲ ದೃಶ್ಯ. ನೋಡುವವರಿಗೆ ಯಾವ ವಿವರಣೆಯೂ ಬೇಕಾಗಿರಲಿಲ್ಲ. ಉರಿಯುವ ಟೋಕಿಯೊದಲ್ಲಿ ಮಕ್ಕಳನ್ನು ಅವುಚಿಕೊಂಡ ತಾಯಿಯೊಬ್ಬಳು ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎಂದು ಸಮಾಧಾನ ಹೇಳುತ್ತಾಳೆ. ನೂರು ಕಿಲೊ ತೂಗುವ ವೇಷದೊಳಗೆ ಬೆವರುತ್ತಿದ್ದ ಹರುವೊ ನಕಾಜಿಮಾ ಎಂಬ ನಟನನ್ನು ಜನ ಹಲ್ಲಿಯೆಂದು ನೋಡಲಿಲ್ಲ, ಒಂಬತ್ತು ವರ್ಷದ ಹಿಂದಿನ ಆಗಸ್ಟ್ ಎಂದು ನೋಡಿದರು. ಆಗಲೂ ಅಭಿಪ್ರಾಯ ಒಂದೇ ಆಗಿರಲಿಲ್ಲ. ದೇಶದ ಗಾಯವನ್ನು ಇಟ್ಟುಕೊಂಡು ಕಾಸು ಮಾಡುತ್ತಿದ್ದಾರೆ ಎಂದು ಜಪಾನಿನ ಕೆಲವು ವಿಮರ್ಶಕರು ಸಿಡುಕಿದರು, ತೊಂಬತ್ತಾರು ಲಕ್ಷ ಜನ ಟಿಕೆಟ್ ಕೊಂಡು ನೋಡಿದರು. ಎರಡು ವರ್ಷಗಳ ನಂತರ ಅಮೆರಿಕದವರು ಇದನ್ನು ಕತ್ತರಿಸಿ, ಅಣುಬಾಂಬಿನ ಮಾತುಗಳನ್ನು ತೆಳುವಾಗಿಸಿ, ನಡುನಡುವೆ ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿ ಸೇರಿಸಿ ತಮ್ಮ ಜನಕ್ಕೆ ತೋರಿಸಿದರು.

2014ರ ಚಿತ್ರದ ಮೇಲೆ ನನ್ನ ದೊಡ್ಡ ಸಿಟ್ಟು ಇಲ್ಲಿದೆ, ನಿಮಿಷಗಳ ಲೆಕ್ಕದಲ್ಲಲ್ಲ. ಈ ಕಥೆಯ ಪ್ರಕಾರ ಐವತ್ತರ ದಶಕದಲ್ಲಿ ಪೆಸಿಫಿಕ್‌ನಲ್ಲಿ ಅಮೆರಿಕ ನಡೆಸಿದ್ದು ಬಾಂಬ್ ಪರೀಕ್ಷೆಗಳೇ ಅಲ್ಲ. ಗಾಡ್ಜಿಲ್ಲಾವನ್ನು ಕೊಲ್ಲುವ ಪ್ರಯತ್ನಗಳಂತೆ. ಒಂದೇ ಸಾಲಿನಲ್ಲಿ ಅಪರಾಧಿ ರಕ್ಷಕನಾಗಿಬಿಟ್ಟ. ಹಾಗೆಂದು ಚಿತ್ರಕ್ಕೆ ನೆನಪೇ ಇಲ್ಲ ಎನ್ನುವಂತೆಯೂ ಇಲ್ಲ. ಕೆನ್ ವತಾನಬೆ ನಟಿಸಿದ ವಿಜ್ಞಾನಿ ಸೆರಿಜಾವಾ ಅಮೆರಿಕದ ಅಡ್ಮಿರಲ್‌ಗೆ ತನ್ನ ತಂದೆಯ ಗಡಿಯಾರ ತೋರಿಸುತ್ತಾನೆ. ಅದು ನಿಂತಿರುವುದು ಎಂಟು ಗಂಟೆ ಹದಿನೈದು ನಿಮಿಷಕ್ಕೆ, ಹಿರೋಶಿಮಾದ ಮೇಲೆ ಬಾಂಬ್ ಬಿದ್ದ ಗಳಿಗೆಗೆ. ಮತ್ತೊಂದು ಅಣುಬಾಂಬ್ ಬಳಸಬೇಡಿ ಎನ್ನಲು ಅವನಿಗೆ ಅದಕ್ಕಿಂತ ಹೆಚ್ಚು ಮಾತು ಬೇಕಾಗಲಿಲ್ಲ. ಆ ಒಂದು ದೃಶ್ಯ ಇಡೀ ಚಿತ್ರಕ್ಕೆ ಬೆನ್ನೆಲುಬಾಗಬಹುದಿತ್ತು. ಆದರೆ ವತಾನಬೆಗೆ ಉಳಿದ ಹೊತ್ತೆಲ್ಲ ಇದ್ದ ಕೆಲಸ ಪರದೆಗಳತ್ತ ದಿಗ್ಭ್ರಮೆಯಿಂದ ನೋಡುವುದು. ಪ್ರೇಕ್ಷಕರು ಸಿಳ್ಳೆ ಹಾಕಿ ನೆನಪಿಟ್ಟುಕೊಂಡದ್ದು ಅವನ ಇನ್ನೊಂದು ಸಾಲನ್ನು: ಅವು ಹೊಡೆದಾಡಲಿ, ಬಿಡಿ.

ಇಷ್ಟು ಕಟುವಾಗಿ ಯಾಕೆ ಬೈದರು ಎಂದರೆ ಅಭಿಮಾನಿಗಳು ಮೊದಲೇ ನೊಂದವರು. 1998ರಲ್ಲಿ ರೋಲಂಡ್ ಎಮೆರಿಕ್ ಎಂಬುವರು ಹಾಲಿವುಡ್‌ನ ಮೊದಲ ಗಾಡ್ಜಿಲ್ಲಾ ಮಾಡಿದಾಗ, ಗಾತ್ರವೇ ಮುಖ್ಯ ಎಂಬ ಜಾಹೀರಾತು ಎಲ್ಲೆಲ್ಲೂ ರಾರಾಜಿಸಿತು. ಒಳಗೆ ಹೋಗಿ ನೋಡಿದರೆ ಕ್ಷಿಪಣಿಗೆ ಹೆದರಿ ಓಡುವ, ಮೀನು ಕಂಡರೆ ಬಾಯಲ್ಲಿ ನೀರೂರಿಸುವ, ಸೇತುವೆಯ ಹಗ್ಗಗಳಲ್ಲಿ ಸಿಕ್ಕಿ ಸಾಯುವ ಒಂದು ದೊಡ್ಡ ಉಡ. ತಮ್ಮ ಚಿತ್ರಗಳನ್ನು ಸದಾ ತೆಗಳುವ ವಿಮರ್ಶಕರ ಮೇಲೆ ಸೇಡು ತೀರಿಸಲು ಎಮೆರಿಕ್ ಅದರಲ್ಲಿ ಎಬರ್ಟ್ ಎಂಬ ದಡ್ಡ ಮೇಯರ್‌ನನ್ನೂ ಜೀನ್ ಎಂಬ ಸಹಾಯಕನನ್ನೂ ಇಟ್ಟರು. ರೋಜರ್ ಎಬರ್ಟ್, ಜೀನ್ ಸಿಸ್ಕೆಲ್ ಟಿವಿಯಲ್ಲಿ ಜೋಡಿಯಾಗಿ ಸಿನಿಮಾ ಅಳೆಯುತ್ತಿದ್ದವರು. ವಿಮರ್ಶಕನನ್ನು ಚಿತ್ರದೊಳಗೆ ತಂದು, ದೈತ್ಯನ ಕಾಲಡಿ ತುಳಿಸದೆ ಬಿಟ್ಟದ್ದು ಇನ್ನೂ ದೊಡ್ಡ ತಪ್ಪು. ಜಪಾನಿನ ತೋಹೊ ಸ್ಟುಡಿಯೊ ಕೊಟ್ಟ ಉತ್ತರ ಇನ್ನೂ ಸೊಗಸು. 2004ರ ‘ಗಾಡ್ಜಿಲ್ಲಾ: ಫೈನಲ್ ವಾರ್ಸ್’ನಲ್ಲಿ ಈ ಅಮೆರಿಕನ್ ಉಡವನ್ನು ‘ಜಿಲ್ಲಾ’ ಎಂಬ ಹೆಸರಲ್ಲಿ ಕರೆತಂದು, ಸಿಡ್ನಿಯಲ್ಲಿ ಅಸಲಿ ಗಾಡ್ಜಿಲ್ಲಾ ಕೈಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿತು.

ಬಿ ಪ್ಲಸ್ ಚೀಟಿ ಕಂಡ ಸ್ಟುಡಿಯೊ ಮುಂದೇನು ಮಾಡಿತು? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿತು. ದೈತ್ಯ ಸಾಲಲಿಲ್ಲ ಅಂದಿರಾ, ತಗೊಳ್ಳಿ ಎಂದು 2019ರ ‘ಗಾಡ್ಜಿಲ್ಲಾ: ಕಿಂಗ್ ಆಫ್ ದಿ ಮಾನ್‌ಸ್ಟರ್ಸ್’ನಲ್ಲಿ ಮೂರು ತಲೆಯ ಘಿಡೋರಾ, ಜ್ವಾಲಾಮುಖಿಯಿಂದ ಎದ್ದ ರೋಡಾನ್, ಹೊಳೆಯುವ ರೆಕ್ಕೆಯ ಮೋತ್ರಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿತು. ನಿರ್ದೇಶಕ ಮೈಕೆಲ್ ಡೊಹರ್ಟಿ ಜಪಾನಿನ ಹಳೆಯ ಚಿತ್ರಗಳ ಕಟ್ಟಾ ಅಭಿಮಾನಿ, ಇಫುಕುಬೆಯ ಹಳೆಯ ರಾಗವನ್ನೂ ವಾಪಸು ತಂದರು. ಕುಣಿದಾಡಿದ ಅಭಿಮಾನಿಗಳು ಇದ್ದರು. ವಿಮರ್ಶಕರು ಮಾತ್ರ ಮುಖ ತಿರುಗಿಸಿದರು. 2014ರಲ್ಲಿ ವಿಮರ್ಶಕರು ಮೆಚ್ಚಿ ಪ್ರೇಕ್ಷಕರು ಗೊಣಗಿದ್ದರೆ, ಈಗ ಅದು ಅದಲುಬದಲಾಯಿತು. ಸಾಮಾನ್ಯ ಪ್ರೇಕ್ಷಕ? ಅವನು ಬರಲೇ ಇಲ್ಲ. ಅಮೆರಿಕದ ಮೊದಲ ವಾರಾಂತ್ಯದ ಗಳಿಕೆ ಹಿಂದಿನದರ ಅರ್ಧಕ್ಕೆ ಬಂತು, ಜಗತ್ತಿನ ಗಳಿಕೆ ಮೂವತ್ತೊಂಬತ್ತು ಕೋಟಿ ಡಾಲರಿನೊಳಗೆ ನಿಂತಿತು. ಬಂದವರ ದೂರು ಕೇಳಿ: ಎಷ್ಟು ಹೊಡೆದಾಟ ಮಾರಾಯ್ರೆ, ಮಳೆಯಲ್ಲಿ ಒಂದು, ಹಿಮದಲ್ಲಿ ಒಂದು, ಯಾರು ಯಾರಿಗೆ ಹೊಡೆದರು ತಿಳಿಯಲಿಲ್ಲ. ಕಥೆಯಲ್ಲಿನ ಆ ಕುಟುಂಬದ ಜಗಳ ಯಾರಿಗೆ ಬೇಕಿತ್ತು? ಕಡಿಮೆಯಾಯಿತು ಎಂದವರೇ ಹೆಚ್ಚಾಯಿತು ಎಂದರು, ಎರಡೂ ಸಲ ಬಾಲಂಗೋಚಿಯಾಗಿ ಬಂದ ದೂರು ಒಂದೇ. ಮನುಷ್ಯರು ಸೇರಲಿಲ್ಲ. ಇಲ್ಲಿ ವಿಜ್ಞಾನಿ ತಾಯಿಯೊಬ್ಬಳು ಭೂಮಿಯನ್ನು ಉಳಿಸುವ ನೆಪದಲ್ಲಿ ದೈತ್ಯರನ್ನು ಎಬ್ಬಿಸಿ ಲಕ್ಷಾಂತರ ಜನರನ್ನು ಸಾಯಿಸುತ್ತಾಳೆ, ಆಮೇಲೂ ಅವಳ ಮನೆಯ ಸಂಸಾರದ ಬಿರುಕು ಸರಿಹೋಗಲೆಂದು ನಾವು ಹಾರೈಸಬೇಕು. ಯಾರಿಂದಾಗುತ್ತದೆ?

ಮುಂದಿನ ಸಲಕ್ಕೆ ಸ್ಟುಡಿಯೊ ಒಂದು ಕಳ್ಳದಾರಿ ಹುಡುಕಿತು. ಮನುಷ್ಯರನ್ನು ಬರೆಯಲು ಬಾರದಿದ್ದರೆ ದೈತ್ಯನನ್ನೇ ಮನುಷ್ಯ ಮಾಡಿದರಾಯಿತು. ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ನಲ್ಲಿ (2021) ದೈತ್ಯ ವಾನರ ಕಾಂಗ್ ಬೆಳಗ್ಗೆ ಎದ್ದು ಬೆನ್ನು ಕೆರೆದುಕೊಳ್ಳುತ್ತದೆ, ಮುನಿಸಿಕೊಳ್ಳುತ್ತದೆ, ಕಿವಿ ಕೇಳದ ಪುಟ್ಟ ಹುಡುಗಿ ಜಿಯಾಳ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತದೆ. ಆ ಪಾತ್ರ ಮಾಡಿದ ಕೇಲೀ ಹಾಟಲ್ ನಿಜವಾಗಿಯೂ ಕಿವುಡ ಬಾಲಕಿ, ಇಡೀ ಚಿತ್ರದಲ್ಲಿ ಅತ್ಯಂತ ಸಹಜ ಅಭಿನಯ ಅವಳದೇ. ಜನಕ್ಕೆ ಖುಷಿಯಾಯಿತು. ಭಾರತದಲ್ಲಿ ಅದು ಅಮೆರಿಕಕ್ಕಿಂತ ಒಂದು ವಾರ ಮೊದಲೇ ತೆರೆಗೆ ಬಂದು, ಕೊರೊನಾ ಕಾಲದ ಅರೆಖಾಲಿ ಥಿಯೇಟರುಗಳಿಗೆ ಜೀವ ತಂದಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿಲ್ಲ. ನಮ್ಮ ಮಕ್ಕಳು ಕಾಂಗ್ ಜೊತೆಯ ಕೈಸನ್ನೆಯನ್ನು ಡಬ್ಬಿಂಗ್ ಇಲ್ಲದೆಯೇ ಅರ್ಥಮಾಡಿಕೊಂಡರು. ಅದರ ಮುಂದಿನ ಭಾಗ 2024ರಲ್ಲಿ ಐವತ್ತೇಳು ಕೋಟಿ ಡಾಲರ್ ಗಳಿಸಿ 2014ರ ಚಿತ್ರವನ್ನೂ ಹಿಂದೆ ಹಾಕಿತು. ನಾನೂ ನಗುತ್ತಲೇ ನೋಡಿದೆ. ಆದರೆ ಅದರೊಳಗೆ ಗಾಡ್ಜಿಲ್ಲಾ ರೋಮಿನ ಕೊಲೊಸಿಯಂನಲ್ಲಿ ಬೆಕ್ಕಿನಂತೆ ಮುದುಡಿ ಮಲಗುತ್ತದೆ. ಮುದ್ದು ಬರುವ ಪ್ರಾಣಿಗೆ ಯಾರು ಹೆದರುತ್ತಾರೆ?

ಜಪಾನು ಈ ಹೊತ್ತಿಗೆ ತನ್ನ ದಾರಿ ಹಿಡಿದಿತ್ತು. 2014ರ ಅಮೆರಿಕದ ಚಿತ್ರ ಗೆದ್ದದ್ದು ಕಂಡು ತೋಹೊ ಕೂಡ ಮತ್ತೆ ಕಣಕ್ಕಿಳಿಯಿತು. ಹಿದೆಯಾಕಿ ಅನ್ನೊ, ಶಿಂಜಿ ಹಿಗುಚಿ ಮಾಡಿದ ‘ಶಿನ್ ಗಾಡ್ಜಿಲ್ಲಾ’ (2016) ಬಹುಪಾಲು ಸರ್ಕಾರಿ ಸಭೆಗಳ ಚಿತ್ರ. ಗಾಡ್ಜಿಲ್ಲಾ ಊರು ತುಳಿಯುತ್ತಿರುವಾಗ ಮಂತ್ರಿಗಳು ಈ ಕಡತ ಯಾವ ಇಲಾಖೆಗೆ ಸೇರಿದ್ದು ಎಂದು ಚರ್ಚಿಸುತ್ತಾರೆ, ಪ್ರತಿ ಅಧಿಕಾರಿ ಬಾಯಿ ತೆರೆದಾಗಲೂ ಪರದೆಯ ಮೇಲೆ ಅವನ ಹುದ್ದೆಯ ಉದ್ದನೆಯ ಹೆಸರು. ಹೊರಗಿನವರಲ್ಲಿ ಹಲವರಿಗೆ ಇದು ಬೋರು ಹೊಡೆಸಿತು. 2011ರ ಸುನಾಮಿಯನ್ನೂ ಫುಕುಶಿಮಾವನ್ನೂ ಕಂಡ ಜಪಾನೀಯರಿಗೆ, ಕೊನೆಯಲ್ಲಿ ಸಾಲಾಗಿ ಬರುವ ಕಾಂಕ್ರೀಟ್ ಪಂಪ್ ಲಾರಿಗಳನ್ನು ಕಂಡಾಗ ಬೇರೇನೋ ನೆನಪಾಯಿತು. ಸ್ಥಾವರ ತಣಿಸಲು ಅಂಥವೇ ಲಾರಿಗಳು ಬಂದಿದ್ದವು. ಅಲ್ಲಿನ ಅಕಾಡೆಮಿ ಅದಕ್ಕೆ ವರ್ಷದ ಶ್ರೇಷ್ಠ ಚಿತ್ರ ಪ್ರಶಸ್ತಿ ಕೊಟ್ಟಿತು. ಗಾಡ್ಜಿಲ್ಲಾ ನೋಡಿ ಫೈಲು ನೆನೆದು ನಕ್ಕ ನಮ್ಮ ಸರ್ಕಾರಿ ನೌಕರ ಮಿತ್ರರೂ ಇದ್ದಾರೆ.

ಕೊನೆಗೆ ತಕಾಶಿ ಯಮಜಾಕಿಯವರ ‘ಗಾಡ್ಜಿಲ್ಲಾ ಮೈನಸ್ ಒನ್’ (2023). ಖರ್ಚು ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ, ಎಡ್ವರ್ಡ್ಸ್ ಕೈಲಿದ್ದ ದುಡ್ಡಿನ ಹತ್ತರಲ್ಲೊಂದು ಪಾಲೂ ಇಲ್ಲ. ಮೂವತ್ತೈದು ಜನರ ತಂಡ ಆರುನೂರಕ್ಕೂ ಹೆಚ್ಚು ಗ್ರಾಫಿಕ್ಸ್ ಶಾಟ್‌ಗಳನ್ನು ಮಾಡಿ, 2024ರ ಮಾರ್ಚಿನಲ್ಲಿ ಆಸ್ಕರ್ ವೇದಿಕೆಗೆ ಕೈಯಲ್ಲಿ ಗಾಡ್ಜಿಲ್ಲಾ ಬೊಂಬೆ ಹಿಡಿದು ಹತ್ತಿತು. ಇಲ್ಲೂ ದೈತ್ಯ ಕಾಣುವ ಹೊತ್ತು ಕಡಿಮೆಯೇ. ಕಡಿಮೆಯಾಯಿತು ಎಂದು ಬೈದವರು ನನಗೆ ಸಿಕ್ಕಿಲ್ಲ. ಆತ್ಮಾಹುತಿ ದಾಳಿಗೆಂದು ಹೊರಟು, ಎಂಜಿನ್ ಕೆಟ್ಟಿದೆಯೆಂದು ಸುಳ್ಳು ಹೇಳಿ ವಿಮಾನ ಇಳಿಸಿದ ಪೈಲಟ್ ಶಿಕಿಶಿಮಾ ಅದರ ನಾಯಕ. ಸುಟ್ಟ ಟೋಕಿಯೊಗೆ ಮರಳಿದರೆ, ಮಕ್ಕಳನ್ನು ಕಳಕೊಂಡ ಪಕ್ಕದ ಮನೆಯಾಕೆ ‘ನೀನು ಸತ್ತಿದ್ದರೆ ನನ್ನ ಮಕ್ಕಳು ಉಳಿಯುತ್ತಿದ್ದರು’ ಎಂಬ ಅರ್ಥದಲ್ಲಿ ಅವನಿಗೆ ಶಾಪ ಹಾಕುತ್ತಾಳೆ. ಹೊಟ್ಟೆಪಾಡಿಗೆ ಅವನು ಸೇರುವುದು ಸಮುದ್ರದಲ್ಲಿ ಉಳಿದ ಬಾಂಬ್ ತೆಗೆಯುವ ಮರದ ದೋಣಿಯ ಕೆಲಸಕ್ಕೆ. ಅಲ್ಲಿ ನಾಲ್ವರು, ಒಂದು ಸಣ್ಣ ದೋಣಿ, ಹಿಂದಿನಿಂದ ನೀರು ಸೀಳಿ ಬರುವ ತಲೆ. ಜಾಸ್‌ನ ಪಾಠದ ಉಳಿದರ್ಧ ಇಲ್ಲಿ ಸಿಕ್ಕಿತು. ಬಂದೂಕಿನ ಹಿಂದೆ ಕೂತು ಒಮ್ಮೆ ಕೈ ಕಟ್ಟಿಹೋದವನ ಎದುರಿಗೆ ಅದೇ ಪ್ರಾಣಿ ಮತ್ತೆ ಬಂದಾಗ, ಅದರ ಎತ್ತರ ಎಷ್ಟು ಮೀಟರ್ ಎಂದು ಯಾರೂ ಕೇಳಲಿಲ್ಲ.

ಇದನ್ನು ನೋಡಿದ ಮೇಲೆ 2014ರದನ್ನು ಮತ್ತೆ ಹಾಕಿದವರು ಬಹಳ ಜನ. ಹಿಂದೆ ಬೈದವರೇ ಈಗ ಆ ಕೆಂಪು ಹೊಗೆಯ ಜಿಗಿತ, ರಾತ್ರಿ ಸೇತುವೆಯ ಮೇಲಿನ ರೈಲು, ಧೂಳಿನೊಳಗೆ ಬಾಲದಿಂದ ಕತ್ತಿನವರೆಗೆ ಒಂದೊಂದಾಗಿ ನೀಲಿಯಾಗುವ ಮುಳ್ಳುಗಳನ್ನು ಹೊಗಳುತ್ತಾರೆ. ನಂತರ ಬಂದ ಗದ್ದಲದ ಚಿತ್ರಗಳಿಗಿಂತ ಇದೇ ಮೇಲು ಎನ್ನುತ್ತಾರೆ. ಅರ್ಧ ನಿಜ. ದೃಶ್ಯ ಕಟ್ಟುವುದರಲ್ಲಿ ಎಡ್ವರ್ಡ್ಸ್‌ಗೆ ಸರಿಸಾಟಿಯಾದವರು ಈ ಸರಣಿಗೆ ಮತ್ತೆ ಬರಲಿಲ್ಲ. ಆದರೆ ಚಿತ್ರದ ಕೊನೆಯಲ್ಲೊಂದು ಗಳಿಗೆ ಇದೆ. ದಣಿದು ಕುಸಿದ ಗಾಡ್ಜಿಲ್ಲಾ ಧೂಳಿನಲ್ಲಿ ತಲೆ ಊರಿದಾಗ, ಅಲ್ಲೇ ಬಿದ್ದಿರುವ ಫೋರ್ಡ್ ಜೊತೆ ಅದರ ಕಣ್ಣು ಸೇರುತ್ತದೆ. ಇಬ್ಬರೂ ಸೈನಿಕರು, ಇಬ್ಬರೂ ಸುಸ್ತು, ಅಷ್ಟೇ ಅರ್ಥ. ಆ ಜಾಗದಲ್ಲಿ ಮಗನ ಬದಲು ಅಪ್ಪ ಇದ್ದಿದ್ದರೆ? ತನ್ನ ಕೈಯಾರೆ ಬಾಗಿಲು ಮುಚ್ಚಿದವನು, ಹದಿನೈದು ವರ್ಷ ಹುಚ್ಚನೆನಿಸಿಕೊಂಡವನು, ಹೆಂಡತಿಯನ್ನು ಕೊಂದ ಆ ರೆಕ್ಕೆಯ ಜೀವಿಯನ್ನು ಗಾಡ್ಜಿಲ್ಲಾ ಕೊಲ್ಲುವುದನ್ನು ಕಣ್ಣಾರೆ ಕಂಡವನು. ಚಿತ್ರಕ್ಕೆ ಒಂದು ನಿಮಿಷವೂ ಹೆಚ್ಚು ಗಾಡ್ಜಿಲ್ಲಾ ಬೇಕಾಗುತ್ತಿರಲಿಲ್ಲ, ಸಾಯಿಸಬೇಕಾಗಿದ್ದದ್ದು ಆ ಇಬ್ಬರು ಬ್ರೋಡಿಗಳಲ್ಲಿ ಇನ್ನೊಬ್ಬನನ್ನು.